ಹೆಲಿಕಾಪ್ಟರ್ ಇದೆ, ಬಿಡಿಭಾಗ ಇಲ್ಲ!

ಇವತ್ತಿನ ವಿಷಯ ಹೆಲಿಕಾಪ್ಟರ್ ಬಿಡಿಭಾಗ. ನಾನು ಓದಿದ್ದು ಬಿ.ಕಾಂ, ಹಾಗಾಗಿ ಎಂಜಿನ್ ಬಿಟ್ಟು ಲೆಕ್ಕ ನೋಡೋಣ.

ಕಾರಿನ ಪಾರ್ಟ್ ಷೋರೂಮಲ್ಲಿ ದುಬಾರಿ ಅನ್ಸಿದ್ರೆ ಜೆ.ಸಿ. ರಸ್ತೆಗೆ ಹೋಗ್ತೀವಿ. ಹೆಲಿಕಾಪ್ಟರ್‌ಗೆ ಆ ದಾರಿ ಇಲ್ಲ. ರೋಟರ್, ಗೇರ್‌ಬಾಕ್ಸ್‌ನ ಎಷ್ಟೋ ಭಾಗಗಳಿಗೆ ಇಂತಿಷ್ಟೇ ಗಂಟೆ ಆಯುಸ್ಸು. ಅವಧಿ ಮುಗಿದ್ರೆ, ನೋಡೋಕೆ ಚೆನ್ನಾಗಿದ್ದರೂ ತೆಗೀಲೇಬೇಕು. ಹೊಸದಕ್ಕೆ ಪ್ರಮಾಣಪತ್ರ ಇರಲೇಬೇಕು. ಹೆಚ್ಚಿನ ಸಲ ಅದನ್ನು ಮಾರುವವರು ತಯಾರಕರೊಬ್ಬರೇ. ಅವರು ಬೆಲೆ ಏರಿಸಿದ್ರೂ, ಮೇಲ್‌ಗೆ ಉತ್ತರ ಕೊಡದಿದ್ರೂ ಕಾಯಬೇಕು. ನಿಂತ ಹೆಲಿಕಾಪ್ಟರ್ ದುಡಿಯಲ್ಲ. ಸಾಲದ ಕಂತು, ವಿಮೆ, ಪೈಲಟ್ ಸಂಬಳ ಮಾತ್ರ ನಿಲ್ಲಲ್ಲ.

ದೇಶಗಳಿಗೂ ಇದೇ ಪಾಡು. ನಾರ್ವೆ 2001ರಲ್ಲಿ 14 ಎನ್‌ಎಚ್‌90 ಹೆಲಿಕಾಪ್ಟರ್ ಆರ್ಡರ್ ಮಾಡ್ತು. ವರ್ಷಕ್ಕೆ 3,900 ಗಂಟೆ ಹಾರಾಟ ಬೇಕಿತ್ತು; ಸಿಕ್ಕಿದ್ದು ಸರಾಸರಿ 700. 2022ರಲ್ಲಿ ಒಪ್ಪಂದ ರದ್ದು ಮಾಡಿ, ‘ವಾಪಸ್ ತಗೊಳ್ಳಿ, ದುಡ್ಡು ಕೊಡಿ’ ಅಂತು.

ನಮ್ಮ ಬೆಂಗಳೂರಿನ ಎಚ್‌ಎಎಲ್ ಮೇಲೂ ದೂರು ಬಂದಿದೆ. ಈಕ್ವೆಡಾರ್ ಕೊಂಡ 7 ಧ್ರುವ್‌ಗಳಲ್ಲಿ 4 ಅಪಘಾತಕ್ಕೀಡಾದವು. 2015ರಲ್ಲಿ ಒಪ್ಪಂದ ರದ್ದಾಯ್ತು. ಬಿಡಿಭಾಗ ಸರಿಯಾಗಿ ಬರಲಿಲ್ಲ ಅನ್ನೋದೂ ಅವರ ದೂರುಗಳಲ್ಲೊಂದು.

ಹಾಗಾಗಿ ಹೆಲಿಕಾಪ್ಟರ್ ಬೆಲೆಗೆ ಚೌಕಾಸಿ ಮಾಡಿದ್ರೆ ಸಾಲದು. ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತೆ, ವರ್ಷಕ್ಕೆ ಬೆಲೆ ಎಷ್ಟರವರೆಗೆ ಏರಿಸಬಹುದು, ತಡವಾದ್ರೆ ದಂಡ ಎಷ್ಟು, ಎಲ್ಲಾನೂ ಮೊದಲೇ ಬರೆಸಿಕೊಳ್ಳಬೇಕು. ಸಹಿ ಆದ್ಮೇಲೆ ಜುಟ್ಟು ಅವರ ಕೈಲಿರುತ್ತೆ.

ಮುಂದಿನ ವಾರ ಸಿಗೋಣ.