ಫೋಟೋದ ಕೆಳಗೆ ಒಂದು ಹೆಸರು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



'ಇಂಜಿನಿಯರ್ ಆಗೀಯಲ್ಲ, ಮಕ್ಕಳಿಗೆ ಮೊಬೈಲಿನ ಕೆಡುಕಿನ ಬಗ್ಗೆ ಎರಡು ಮಾತು ಹೇಳು' ಎಂದು ಗುರುಗಳು ಹೇಳಿದ್ದಾರೆ. ಆ ವಿಷಯದಲ್ಲಿ ಮಕ್ಕಳಿಗೆ ಮನೆಯಲ್ಲಿ ದಿನಾ ಬೈಗುಳ ಬೀಳುತ್ತಲೇ ಇದೆ. ನಾನು ಒಂದು ಫೋಟೋದ ಕಥೆ ಹೇಳುತ್ತೇನೆ. ಅದರಲ್ಲಿ ತಪ್ಪು ಮೊಬೈಲಿನದಲ್ಲ, ನನ್ನದು.

ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಮಾಡಿ, ಬಿ.ಇ.ಗೆಂದು ಬೆಂಗಳೂರಿಗೆ ಹೋದೆ. ಅಲ್ಲಿ ನಾನು 'ಹೌದ್ರಿ' ಅಂದರೆ ಹುಡುಗರು ನಗುತ್ತಿದ್ದರು. ಆರು ತಿಂಗಳಲ್ಲಿ ಆ 'ರಿ' ಬಿಟ್ಟೆ. ಆಗ ಫೇಸ್‌ಬುಕ್ ಹೊಸದು. ಅದರಲ್ಲಿ ಸ್ವಂತ ಊರು ಯಾವುದೆಂದು ಕೇಳುವ ಜಾಗದಲ್ಲಿ ಬೆಂಗಳೂರು ಎಂದೇ ತುಂಬಿದ್ದೆ. ಎರಡನೇ ವರ್ಷದಲ್ಲಿ ಒಂದು ಮುಂಜಾನೆ ಅಪ್ಪ ಸಿಂಧನೂರಿನ ಬಸ್ಸಿಳಿದು, ಹೆಗಲ ಮೇಲೆ ಸೋನಾ ಮಸೂರಿ ಅಕ್ಕಿಯ ಚೀಲ ಹೊತ್ತು ಹಾಸ್ಟೆಲಿಗೆ ಬಂದರು. ಧೋತರ, ಬಿಳಿ ಅಂಗಿ, ತಲೆಗೆ ಟವೆಲ್. ಗೆಳೆಯನೊಬ್ಬ ಕಾಲೇಜಿನ ಗೇಟಿನ ಮುಂದೆ ನಮ್ಮಿಬ್ಬರ ಫೋಟೋ ತೆಗೆದ. ಆ ರಾತ್ರಿ ನಾನು ಅದನ್ನು ಫೇಸ್‌ಬುಕ್ಕಿಗೆ ಹಾಕಿದೆ, ಅಪ್ಪನನ್ನು ಕತ್ತರಿಸಿ.

2017ರಲ್ಲಿ ಅಪ್ಪ ತೀರಿಕೊಂಡರು. ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಬೇಕಿತ್ತು. ಗೆಳೆಯನ ಹಳೆಯ ಫೋನು ಎಂದೋ ಕೆಟ್ಟುಹೋಗಿತ್ತು. ಫೇಸ್‌ಬುಕ್ಕಿನಲ್ಲಿ ನನ್ನ ಫೋಟೋ ಹಾಗೇ ಇತ್ತು. ನನ್ನ ಭುಜದ ಪಕ್ಕ ಎರಡು ಬೆರಳಿನಷ್ಟು ಬಿಳಿ ಅಂಗಿಯ ತೋಳು. ಈಗ ನಮ್ಮ ಮನೆಯಲ್ಲಿರುವುದು ಮತದಾರರ ಚೀಟಿಯ ಫೋಟೋ ದೊಡ್ಡದು ಮಾಡಿಸಿದ್ದು. ಅದು ಯಾರ ಹಾಗೂ ಕಾಣುವುದಿಲ್ಲ ಎನ್ನುತ್ತಾಳೆ ಅವ್ವ.

ಇದಾಗಿ ಸ್ವಲ್ಪ ದಿನಕ್ಕೆ ಆಫೀಸಿನಲ್ಲಿ ಉತ್ತರ ಭಾರತದ ಸಹೋದ್ಯೋಗಿಯೊಬ್ಬ, 'ನಿನ್ನ ಊರು ಮಸ್ಕಿ ಹತ್ತಿರವೇ? ಅಶೋಕನ ಹೆಸರು ಸಿಕ್ಕಿದ ಮಸ್ಕಿಯೇ?' ಎಂದು ಕೇಳಿದ. ಲಿಂಗಸುಗೂರಿಗೆ ಹೋಗುವಾಗ ನೂರು ಸಲ ಮಸ್ಕಿ ದಾಟಿದ್ದೇನೆ, ಬಸ್ ನಿಂತಾಗ ಮಿರ್ಚಿ ತಿಂದಿದ್ದೇನೆ. ಶಾಸನ ನೋಡಿರಲಿಲ್ಲ. ಆ ದೀಪಾವಳಿಗೆ ಬಂದಾಗ ಒಂಬತ್ತನೇ ತರಗತಿಯಲ್ಲಿದ್ದ ಅಕ್ಕನ ಮಗನನ್ನು ಬೈಕ್ ಮೇಲೆ ಕೂರಿಸಿಕೊಂಡು ಹೋದೆ.

ಆ ಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ದೊರೆಯ ಬಿರುದುಗಳಷ್ಟೇ ಇದ್ದವು: ದೇವಾನಂಪ್ರಿಯ, ಪ್ರಿಯದರ್ಶಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೂ ಆ ದೊರೆ ಅಶೋಕನೇ ಎನ್ನಲು ಸಿಂಹಳದ ಗ್ರಂಥಗಳ ಆಧಾರ ಬೇಕಾಯಿತು. ಮಸ್ಕಿಯ ಬಂಡೆಯಲ್ಲಿ ಮೊದಲ ಬಾರಿಗೆ 'ಅಸೋಕ' ಎಂಬ ಹೆಸರೇ ಸಿಕ್ಕಿತು. ಆಮೇಲೆ ತುಂಗಭದ್ರೆಯ ಆಚೆ ದಡದ ನಿಟ್ಟೂರು, ಉಡೇಗೋಳದಲ್ಲೂ ಸಿಕ್ಕಿತು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ, ಇದನ್ನು ಇಬ್ಬರಿಗೂ ತಿಳಿಸಿ ಎಂಬುದು ಆ ಶಾಸನದ ಸಾರ.

ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ, 1990ರ ದಶಕದಲ್ಲಿ ಶುರುವಾದ ಉತ್ಖನನದಲ್ಲಿ ರಾಜನೊಬ್ಬನ ಉಬ್ಬುಶಿಲ್ಪ ದೊರೆಯಿತು. ಅದರ ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಶೋಕ' ಎಂದು ಕೆತ್ತಿದೆ. ಆ ಚಿತ್ರವನ್ನು ನನ್ನ ಮೊಬೈಲಿನಲ್ಲಿ ತೋರಿಸಿದಾಗ ಅಳಿಯ ಹೇಳಿದ: 'ಮಾಮಾ, ಟ್ಯಾಗ್ ಮಾಡ್ಯಾರ ನೋಡು!'

ನಾನು ನಕ್ಕೆ. ಆದರೆ ಹುಡುಗ ಹೇಳಿದ್ದು ಸರಿಯೇ. ಅಕ್ಷರ ಇಲ್ಲದಿದ್ದರೆ ಆ ಕಲ್ಲು ಯಾರೋ ಒಬ್ಬ ರಾಜ.

ಅಂದಿನಿಂದ ಅವನು ತೆಗೆದ ಫೋಟೋಗಳ ಕೆಳಗೆ ಕನ್ನಡದಲ್ಲಿ ಬರೆದು ಇನ್‌ಸ್ಟಾಗ್ರಾಂಗೆ ಹಾಕತೊಡಗಿದ. ಎಳ್ಳಮಾಸಿಗೆ ಚರಗ ಚೆಲ್ಲುತ್ತಿರುವ ಅಜ್ಜಿ, ಮುದಗಲ್ಲಿನ ಮೊಹರಂ, ಕ್ಯಾಂಪಿನ ಗೆಳೆಯನ ಮನೆಯಂಗಳದ ಸಂಕ್ರಾಂತಿ ರಂಗೋಲಿ, ಬಂಗಾಳಿ ಕ್ಯಾಂಪಿನ ದುರ್ಗಾಪೂಜೆ. ನಮ್ಮ ತಾಲ್ಲೂಕು ಹಾಗೇ ಇದೆಯಲ್ಲ! ಕಾಲುವೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದರು, ಪೂರ್ವ ಪಾಕಿಸ್ತಾನದಿಂದ ಬಂದವರಿಗೆ ಪುನರ್ವಸತಿ ಕ್ಯಾಂಪುಗಳಾದವು. ಮನೆಯಲ್ಲಿ ತೆಲುಗು, ಬಂಗಾಳಿ, ಉರ್ದು ಆಡುವವರೆಲ್ಲ ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಜಗಳವಾಡಿದ್ದೇವೆ. ನಮ್ಮ ಸಂಸ್ಕೃತಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಬೆಂಚನ್ನೇ ತೋರಿಸುತ್ತೇನೆ.

ನನ್ನ ಕಸುಬಿನ ಒಂದೆರಡು ಮಾತು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಒಳಗಿದ್ದ ತಾರೀಖು, ಜಾಗದ ವಿವರವೂ ಅಳಿಯುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಸ್ಟೋರಿಗೆ ಹಾಕಿದ್ದು 24 ತಾಸಿಗೆ ಮರೆಯಾಗುತ್ತದೆ. ಗುಡಿ, ಕೋಟೆ, ಶಾಸನಗಳ ಒಳ್ಳೆಯ ಫೋಟೋ ಇದ್ದರೆ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಜಗತ್ತಿನ ಯಾರಾದರೂ ಅದನ್ನು ಬಳಸಬಹುದು. ಆದರೆ ಮನುಷ್ಯರ ಫೋಟೋ ಹಾಕುವ ಮೊದಲು ಅವರನ್ನು ಕೇಳಿ. ಹೆಣ್ಣುಮಕ್ಕಳ ಫೋಟೋ ಇದ್ದರಂತೂ ಕೇಳದೆ ಮುಟ್ಟಬೇಡಿ. ಅಜ್ಜಿ ಬೇಡ ಅಂದರೆ ಬೇಡ.

ನಿನ್ನೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಂದು ತಗಡಿನ ಪೆಟ್ಟಿಗೆ ತೆಗೆದರು. ಒಳಗೆ ಶಾಲೆಯ ಹಳೆಯ ಗ್ರೂಪ್ ಫೋಟೋಗಳು. ಕೆಲವಕ್ಕೆ ಗೆದ್ದಲು ಹತ್ತಿದೆ, ಬಹಳಷ್ಟರ ಹಿಂದೆ ಏನೂ ಬರೆದಿಲ್ಲ. ಹತ್ತನೇ ತರಗತಿಯ ಮಕ್ಕಳು ರಾತ್ರಿಯೆಲ್ಲ ಕೂತು ಅವುಗಳ ಪ್ರತಿ ತೆಗೆದು, ಹೊರಗೆ ಬೇವಿನ ಮರದ ಕೆಳಗೆ ಹಗ್ಗಕ್ಕೆ ತೂಗುಹಾಕಿದ್ದಾರೆ. ಪ್ರತಿಯೊಂದರ ಕೆಳಗೂ ಖಾಲಿ ಹಾಳೆ ಅಂಟಿಸಿ, ಪೆನ್ನು ಕಟ್ಟಿದ್ದಾರೆ. ಎಡಗಡೆಯಿಂದ ನಾಲ್ಕನೇ ಫೋಟೋದಲ್ಲಿ, ಹಿಂದಿನ ಸಾಲಿನ ಕೊನೆಗೆ, ಗಂಟೆ ಬಾರಿಸುವ ಸಿಪಾಯಿ ನಿಂತಿದ್ದಾರೆ. ನಮ್ಮ ಬ್ಯಾಚಿನ ಯಾರಿಗೂ ಅವರ ಹೆಸರು ಗೊತ್ತಿಲ್ಲ. ಹಿರಿಯರು ಯಾರಾದರೂ ಬಲ್ಲವರಿದ್ದರೆ ಊಟಕ್ಕೆ ಹೋಗುವ ಮುಂಚೆ ದಯವಿಟ್ಟು ಬರೆದು ಹೋಗಿರಿ.