ಎದುರುಮನೆಯ ಎಲುಬು



ಕರಪತ್ರದಲ್ಲಿ ನನ್ನ ವಿಷಯವನ್ನು ‘ನವಶಾಸ್ತ್ರೀಯ ಕಲೆ’ ಎಂದು ಅಚ್ಚು ಹಾಕಿಸಿದ್ದೀರಿ. ಸಂಗೀತ ಕಛೇರಿ ಅಂದುಕೊಂಡು ಯಾರಾದರೂ ಬಂದಿದ್ದರೆ ಕ್ಷಮೆ ಇರಲಿ. ನಿಯೋಕ್ಲಾಸಿಕಲ್ ಅನ್ನುವ ಮಾತಿಗೆ ಕನ್ನಡದಲ್ಲಿ ಇದಕ್ಕಿಂತ ಹಗುರವಾದ ಪದ ನನಗೂ ಸಿಕ್ಕಿಲ್ಲ. ಪದ ಹಾಗಿರಲಿ, ವಸ್ತು ನೋಡೋಣ.

ನನ್ನ ಕೈಯಲ್ಲಿರುವುದು ಗೇಣುದ್ದದ ಎರಡು ಕಂಬ. ಹೊಂಗನೂರಿಗೆ ಬರುವ ಮುಂಚೆ ಚನ್ನಪಟ್ಟಣದ ಒಂದು ಕಾರ್ಖಾನೆಯಲ್ಲಿ ಕಡ ತಂದೆ. ತೊಟ್ಟಿಲ ಕಟಾಂಜನಕ್ಕೆ ಕಡೆದವು, ಹಾಲೆಮರದವು. ಒಂದಕ್ಕೆ ಕೆಂಪು ಅರಗು ಹತ್ತಿದೆ. ಇನ್ನೊಂದಕ್ಕೆ ಇನ್ನೂ ಇಲ್ಲ, ದಂತದ ಹಾಗೆ ಬೆಳ್ಳಗಿದೆ. ಬೆರಳಾಡಿಸಿ ನೋಡಿ. ಬುಡದಲ್ಲಿ ಬಳೆಯಂಥ ಎರಡು ಸುತ್ತು, ಅದರ ಮೇಲೆ ನಡು ಗೊತ್ತಾಗದಷ್ಟು ಉಬ್ಬಿ, ತುದಿಗೆ ಹೋಗುತ್ತ ಸಣ್ಣಗಾಗುತ್ತದೆ. ನೇರಕ್ಕೇ ಕಡೆಯಬಹುದಲ್ಲ ಅಂತ ಕೇಳಿದೆ. ಲೇತ್ ಮುಂದೆ ಕೂತವರು ಉಳಿ ಎತ್ತದೆಯೇ, ‘ನೇರ ಕಡೆದರೆ ನಡು ಸೊರಗಿದ ಹಾಗೆ ಕಾಣುತ್ತೆ ಸ್ವಾಮಿ’ ಅಂದರು. ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಕಂಬಗಳ ನಡುವೂ ಹೀಗೇ ಉಬ್ಬಿದೆ. ಯೂರೋಪಿನ ಶಿಲ್ಪಶಾಸ್ತ್ರದವರು ಅದಕ್ಕೆ ಬಹುಕಾಲದಿಂದ ಕೊಡುತ್ತ ಬಂದ ಕಾರಣವೂ ಇದೇ.

ಆ ಕಂಬಗಳನ್ನು ಯೂರೋಪು ನಡುವೆ ಮರೆತಿರಲಿಲ್ಲ. ಆದರೆ ಅವುಗಳ ಹುಚ್ಚು ಹಿಡಿದದ್ದು ಹದಿನೆಂಟನೇ ಶತಮಾನದಲ್ಲಿ. ಇಟಲಿಯಲ್ಲಿ ವೆಸೂವಿಯಸ್ ಜ್ವಾಲಾಮುಖಿ ಹೂತುಹಾಕಿದ್ದ ಹರ್ಕ್ಯುಲೇನಿಯಮ್ ಊರನ್ನು 1738ರಲ್ಲಿ, ಪಾಂಪೇಯನ್ನು 1748ರಲ್ಲಿ ಅಗೆಯಲು ಶುರು ಮಾಡಿದರು. 1755ರಲ್ಲಿ ವಿಂಕೆಲ್‌ಮನ್ ಎಂಬ ಜರ್ಮನ್ ಪಂಡಿತ, ದೊಡ್ಡವರಾಗಬೇಕಾದರೆ ಗ್ರೀಕರನ್ನು ಅನುಸರಿಸುವುದೊಂದೇ ದಾರಿ ಎಂದು ಬರೆದ. ತಮಾಷೆ ಎಂದರೆ ಅವನು ಬದುಕಿರುವಷ್ಟು ಕಾಲ ಗ್ರೀಸಿಗೆ ಕಾಲಿಡಲೇ ಇಲ್ಲ. ಆ ಮಾತು ಬರೆಯುವಾಗ ಇಟಲಿಯನ್ನೂ ನೋಡಿರಲಿಲ್ಲ. ಅರಮನೆಗಳ ಬಳ್ಳಿ, ಚಿಪ್ಪು, ಗುಲಾಬಿ ಮೈಬಣ್ಣದ ಚಿತ್ರಗಳಿಂದ ಬೇಸತ್ತಿದ್ದ ಹುಡುಗರಿಗೆ ಆ ಮಾತು ನಾಟಿತು. 1784ರಲ್ಲಿ ಫ್ರಾನ್ಸಿನ ದಾವಿದ್ ಬರೆದ ‘ಹೊರೇಷಿಯರ ಪ್ರತಿಜ್ಞೆ’ ಚಿತ್ರದಲ್ಲಿ ಮೂರು ಕಮಾನು, ಮೂವರು ಅಣ್ಣತಮ್ಮಂದಿರು, ಅಪ್ಪನ ಕೈಯಲ್ಲಿ ಮೂರು ಕತ್ತಿ. ಬೇರೆ ಅಲಂಕಾರ ಇಲ್ಲವೇ ಇಲ್ಲ. ಶಿಲ್ಪದಲ್ಲಿ ಇಟಲಿಯ ಕನೋವ ಅಮೃತಶಿಲೆಯನ್ನು ಬೆಣ್ಣೆಯಂತೆ ನುಣುಪು ಮಾಡಿದ. ಎಲ್ಲ ಬೆಳ್ಳಗೆ, ಎಲ್ಲ ತಣ್ಣಗೆ.

ಈಗ ಈ ಎರಡು ಕಂಬ ಮತ್ತೆ ನೋಡಿ. ಗ್ರೀಕರು ತಮ್ಮ ವಿಗ್ರಹಗಳಿಗೆ ಕೆಂಪು, ನೀಲಿ, ಹಳದಿ ಬಳಿಯುತ್ತಿದ್ದರು. ಕಣ್ಣು, ತುಟಿ, ಸೆರಗಿನ ಅಂಚು ಎಲ್ಲಕ್ಕೂ ಬಣ್ಣ. ಮಳೆ, ಮಣ್ಣು, ಎರಡು ಸಾವಿರ ವರ್ಷ ಸೇರಿ ಆ ಬಣ್ಣವನ್ನು ತಿಂದುಬಿಟ್ಟವು. ಯೂರೋಪಿನವರಿಗೆ ಸಿಕ್ಕಿದ್ದು ಅರಗು ಉದುರಿದ ಗೊಂಬೆ. ಅವರು ಅದನ್ನೇ ಪರಿಶುದ್ಧ ಎಂದು ಪೂಜಿಸಿದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೆ ಕರಗಿಸಿ, ತಾಳೆಗರಿ ಹಿಡಿದು ಹೊಳಪು ತರುವ ಚನ್ನಪಟ್ಟಣದವರ ಮುಂದೆ ಹೋಗಿ ‘ಬಣ್ಣ ಇಲ್ಲದ್ದೇ ಶ್ರೇಷ್ಠ’ ಅಂದರೆ ಏನನ್ನುತ್ತಾರೋ ಊಹಿಸಿಕೊಳ್ಳಿ.

ಈ ಕಲೆ ನಮ್ಮ ಕಡೆಗೆ ಮೊದಲು ಬಂದದ್ದು ತೋಪಿನ ಬಂಡಿಯ ಹಿಂದೆ. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗ ಹಿಡಿಯಿತು. ಆ ದಂಡಿನ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಆ ಕಾಲದ ದೊಡ್ಡ ನವಶಾಸ್ತ್ರೀಯ ಚಿತ್ರಕಾರ್ತಿ ಆಂಜೆಲಿಕಾ ಕೌಫ್‌ಮನ್ ಹತ್ತಿರ ಕಲಿತವನು. ಸಾವನದುರ್ಗ, ರಾಮಗಿರಿಗಳನ್ನು ಬರೆದುಕೊಂಡು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದ. ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆ ಪಡೆದ ಪ್ರಸಂಗವನ್ನೂ ದೊಡ್ಡ ಬಟ್ಟೆಯ ಮೇಲೆ ಬರೆದ. ಅದೇ ಪ್ರಸಂಗ ಕಲ್ಲಿಗೂ ಇಳಿಯಿತು. ಥಾಮಸ್ ಬ್ಯಾಂಕ್ಸ್ ಕೆತ್ತಿದ ಕಾರ್ನ್‌ವಾಲಿಸ್ ಪ್ರತಿಮೆ ಮದ್ರಾಸಿನ ಕೋಟೆಯಲ್ಲಿದೆ. ಅದರ ಪೀಠದಲ್ಲಿ ಆ ಮಕ್ಕಳಿದ್ದಾರೆ. ಬ್ಯಾಂಕ್ಸ್ ರೋಮಿನಲ್ಲಿ ವರ್ಷಗಟ್ಟಲೆ ಕಲಿತವನು. ಶಾಂತವಾದ ರೇಖೆ, ಗಂಭೀರ ಮುಖ, ಎಲ್ಲರೂ ಘನತೆಯಿಂದ ನಿಂತಿರುವುದು, ಇವೆಲ್ಲ ಆ ಶೈಲಿಯ ಗುಣ. ಒತ್ತೆಗೆ ಹೋಗುವ ಮಕ್ಕಳಿಗೆ ಅಷ್ಟು ಶಾಂತಿ ಇದ್ದೀತೇ ಎಂದು ಆ ಶೈಲಿ ಕೇಳುವುದಿಲ್ಲ. ನನಗೆ ಅದರ ಮೇಲಿರುವ ದೊಡ್ಡ ಸಿಟ್ಟು ಇದೇ.

ಆಮೇಲೆ ಕಟ್ಟಡ. ಬೆಂಗಳೂರಿನ ಅಠಾರಾ ಕಚೇರಿ 1864ರಿಂದ 1868ರವರೆಗೆ ಎದ್ದಿತು. ಹದಿನೆಂಟು ಇಲಾಖೆ ಕೂರಲು ಕಟ್ಟಿದ್ದರಿಂದ ಆ ಹೆಸರು. ಈಗ ನಮ್ಮ ಹೈಕೋರ್ಟು. ಗುತ್ತಿಗೆ ಹಿಡಿದು ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್, 1873ರಲ್ಲಿ ಶಾಲೆ ತೆರೆದ ಅದೇ ಆರ್‌ಬಿಎಎನ್‌ಎಂ ಹೆಸರಿನವರು. ಎರಡಂತಸ್ತಿನ ಆ ಕಂಬಗಳ ತಲೆ ನೋಡಿದ್ದೀರಾ? ಟಗರಿನ ಕೊಂಬಿನ ಹಾಗೆ ಎರಡು ಕಡೆ ಸುರುಳಿ. ಅದು ಗ್ರೀಕರ ಅಯೋನಿಕ್ ಬೋದಿಗೆ. ಗ್ರೀಸಿನಿಂದ ರೋಮಿಗೆ, ರೋಮಿನಿಂದ ಲಂಡನ್ನಿಗೆ, ಅಲ್ಲಿಂದ ಕಬ್ಬನ್ ಪಾರ್ಕಿಗೆ. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದಿತ್ತು. ಜನ ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು.

ಇನ್ನು ನಮ್ಮವರ ಸಂಗತಿ. ರಾಮನಗರದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಹನುಮಂತಯ್ಯನವರ ಹೆಸರಿನ ಕೆಂಗಲ್ ಎಲ್ಲಿದೆ ಎಂದು ನಿಮಗೆ ಹೇಳಬೇಕಾಗಿಲ್ಲ, ದಿನಾ ಬಸ್ಸಿನಲ್ಲಿ ಆಂಜನೇಯನಿಗೆ ಕೈ ಮುಗಿಯುತ್ತೀರಿ. 1951ರ ಜುಲೈ 13ರಂದು ನೆಹರು ಅಡಿಗಲ್ಲು ಹಾಕಿ ಹೋದ ವಿಧಾನಸೌಧದ ನಕ್ಷೆ ಬೇರೆಯೇ ಇತ್ತು. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಅದನ್ನು ಬದಲಿಸಿದರು. ಬೆಂಗಳೂರು ನೋಡಲು ಬಂದ ರಷ್ಯನ್ನರು ‘ಇಲ್ಲಿರುವುದೆಲ್ಲ ಯೂರೋಪಿನ ಕಟ್ಟಡ, ನಿಮ್ಮದು ಅಂತ ಏನೂ ಇಲ್ಲವೇ’ ಎಂದು ಕೇಳಿದರಂತೆ, ಅದು ಕೆಂಗಲ್ ಅವರ ಎದೆಗೆ ನಾಟಿತಂತೆ. ಈ ಕಥೆ ನೀವೂ ಕೇಳಿದ್ದೀರಿ. ಎಂಜಿನಿಯರ್ ಮಾಣಿಕಂ ಅವರನ್ನು ಕೂರಿಸಿಕೊಂಡು, ಅಠಾರಾ ಕಚೇರಿಯ ಎದುರಿಗೇ, ದ್ರಾವಿಡ ಶೈಲಿಯ ಕಲ್ಲಿನ ಸೌಧ ಎಬ್ಬಿಸಿದರು. 1956ರಲ್ಲಿ ಮುಗಿಯಿತು. ದುಂದುವೆಚ್ಚ ಎಂದು ಬೈಸಿಕೊಂಡರು, ತನಿಖೆಯೂ ನಡೆಯಿತು.

ಈಗ ನಾನು ಹೇಳುವ ಮಾತಿಗೆ ಈ ಊರಿನಲ್ಲಿ ಬೈಗುಳ ಬಿದ್ದರೂ ಬೀಳಬಹುದು. ವಿಧಾನಸೌಧದ ಚರ್ಮ ದ್ರಾವಿಡ, ಎಲುಬು ಎದುರುಮನೆಯದು. ನಮ್ಮ ದೇವಸ್ಥಾನದಲ್ಲಿ ಕಂಬಗಳಿರುವುದು ಹೆಚ್ಚಾಗಿ ಒಳಗೆ, ನವರಂಗದ ಅರೆಗತ್ತಲಲ್ಲಿ. ಬೇಲೂರಿನ ಕಡೆದ ಕಂಬಗಳ ಹೊಳಪು ಕಾಣಲು ದೀಪ ಹಿಡಿಯಬೇಕು. ಒಳಗೆ ಹೋದಷ್ಟೂ ಬಾಗಿಲು ಕಿರಿದು, ಬೆಳಕು ಕಡಿಮೆ. ವಿಧಾನಸೌಧದಲ್ಲಿ 200 ಅಡಿಗೂ ಹೆಚ್ಚು ಅಗಲದ ಮೆಟ್ಟಿಲು, ಅದರ ತುದಿಯಲ್ಲಿ ಬೀದಿಗೆ ಮುಖ ಮಾಡಿ 40 ಅಡಿಯ 12 ಕಂಬಗಳ ಸಾಲು, ನೆತ್ತಿಯ ಮೇಲೆ ಗುಮ್ಮಟ, ಎಡಬಲ ತೂಗಿ ಇಟ್ಟಂಥ ರೆಕ್ಕೆಗಳು: ಇದು ರೋಮಿನ ಲೆಕ್ಕ. ಬೋದಿಗೆ ನಮ್ಮದು, ಲೋವೆ ನಮ್ಮದು, ಅಲಂಕಾರಕ್ಕೆ ಹಾಕಿದ ಮಾಗಡಿಯ ಗುಲಾಬಿ ಕಲ್ಲು ನಮ್ಮದು. ನಿಲುವು ಮಾತ್ರ ಅವರದು.

ಇದು ನಿಂದೆಯಲ್ಲ. ವಿಂಕೆಲ್‌ಮನ್ ಕಡೆಯವರು ಮಾಡಿದ್ದೂ ಇದನ್ನೇ ಅಲ್ಲವೇ? ಸತ್ತ ಹಿರಿಯರ ದೇವಾಲಯ ನೋಡಿ ಬಂದು, ಅದೇ ವೇಷದಲ್ಲಿ ಪಾರ್ಲಿಮೆಂಟು, ಬ್ಯಾಂಕು, ಮ್ಯೂಸಿಯಮ್ಮು ಕಟ್ಟಿದರು. ಕೆಂಗಲ್ ತಮ್ಮ ಹಿರಿಯರ ದೇವಾಲಯ ನೋಡಿ ಬಂದು ಶಾಸಕರಿಗೆ ಮನೆ ಕಟ್ಟಿದರು. ‘ನವ ದ್ರಾವಿಡ’ದ ನವ, ‘ನವಶಾಸ್ತ್ರೀಯ’ದ ನವ ಎರಡೂ ಒಂದೇ. ಗ್ರೀಕ್ ಬೇಡ ಅಂದವರು ಗ್ರೀಕರ ಹುಚ್ಚು ಹಿಡಿದವರ ದಾರಿಯಲ್ಲೇ ನಡೆದರು. ನನ್ನ ಲೆಕ್ಕದಲ್ಲಿ ಕೆಂಗಲ್ ಅವರೇ ನಮ್ಮ ನಾಡಿನ ಅತಿ ದೊಡ್ಡ ನವಶಾಸ್ತ್ರೀಯರು.

ಬಣ್ಣದ ವಿಷಯದಲ್ಲೂ ಹಾಗೇ. ನಮ್ಮ ಗೋಪುರಗಳಿಗೆ ಹಬ್ಬದ ಬಣ್ಣ ಇರುತ್ತದೆ. ವಿಧಾನಸೌಧಕ್ಕೆ ಬಳಿದಿಲ್ಲ, ಬೂದುಗಲ್ಲು ಬೂದುಗಲ್ಲಾಗಿಯೇ ಇದೆ. ಕೆಂಗಲ್ ಎಂದರೆ ಕೆಂಪು ಕಲ್ಲು. ಆದರೆ ಆ ಬೀದಿಯಲ್ಲಿ ಕೆಂಪಗೆ ಕೂತಿರುವುದು ಗ್ರೀಕ್ ಕಂಬದ ಕಟ್ಟಡ.

ಈ ಎರಡು ಕಂಬ ಹಿಂದಿನ ಸಾಲಿನವರೆಗೂ ಕೈದಾಟಿಸಿ. ಬೆಳ್ಳಗಿರುವುದನ್ನು ಸ್ವಲ್ಪ ಜೋಪಾನ, ನಾಳೆ ಬೆಳಿಗ್ಗೆ ಅದಕ್ಕೆ ಅರಗು ಹಚ್ಚಬೇಕಂತೆ.