ಒಂದೇ ಬಸ್ಸು, ಬೇರೆ ಬೇರೆ ಸರ್ಕಾರ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅತ್ತಿಬೆಲೆ ಕಡೆಯ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತುಕೊಳ್ಳಿ. ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ ಎಂದು ಕಂಡಕ್ಟರ್ ಕೂಗುತ್ತಾ ಹೋಗುತ್ತಾರೆ. ಕಟ್ಟಡಗಳ ಸಾಲು ಮಾತ್ರ ಮುಗಿಯುವುದೇ ಇಲ್ಲ. ಒಂದು ಊರು ಹೋಗಿ ಇನ್ನೊಂದು ಬಂತು ಅಂತ ಗೊತ್ತಾಗಬೇಕಾದರೆ ಬೇಕರಿಯ ಬೋರ್ಡಿನ ಕೊನೇ ಸಾಲು ಓದಬೇಕು. ಅಷ್ಟರಲ್ಲಿ ನೀವು ನಾಲ್ಕೈದು ಪುಟ್ಟ ಸರ್ಕಾರಗಳನ್ನು ದಾಟಿರುತ್ತೀರಿ!

ಬಸ್ಸು ಹತ್ತಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ 2013ರಿಂದ ಕೈಗಾರಿಕಾ ಪಟ್ಟಣ ಪ್ರಾಧಿಕಾರವೊಂದಿದೆ. ಅಲ್ಲಿನ ರಸ್ತೆ, ದೀಪ, ಕಸದ ಜವಾಬ್ದಾರಿ ಅದರದ್ದು. ಆಮೇಲೆ ಹೆಬ್ಬಗೋಡಿ ನಗರಸಭೆ. ಅದರಾಚೆ ಪುರಸಭೆಗಳಾಗಿ ಬೆಳೆದ ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ. ಒಳದಾರಿ ಹಿಡಿದರೆ ಗ್ರಾಮ ಪಂಚಾಯಿತಿಗಳು. ರಾಜ್ಯದ ಗಡಿ ದಾಟಿದರೆ ಹೊಸೂರು, ಅಲ್ಲಿ ತಮಿಳುನಾಡಿನ ಮಹಾನಗರ ಪಾಲಿಕೆ.

ಇಷ್ಟೊಂದು ಹೆಸರು ಯಾಕೆ? ತಲೆ ಎಣಿಸಿ ಇಟ್ಟ ಹೆಸರುಗಳಿವು. ನಮ್ಮ ರಾಜ್ಯದಲ್ಲಿ 10,000ದಿಂದ 20,000 ಜನರಿದ್ದರೆ ಪಟ್ಟಣ ಪಂಚಾಯಿತಿ. 50,000ದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲೆ ಮಹಾನಗರ ಪಾಲಿಕೆ. ತಲೆಗಳ ಜೊತೆಗೆ, ಎಷ್ಟು ಜನ ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುತ್ತಾರೆ ಎಂಬುದನ್ನೂ ನೋಡುತ್ತಾರೆ. ರಾಗಿ ಹೊಲದಲ್ಲಿ ಕಾರ್ಖಾನೆ ಎದ್ದರೆ ಹಳ್ಳಿ ಪಟ್ಟಣವಾಗುತ್ತದೆ. ಕಳೆದ ವರ್ಷದ ಯೂನಿಫಾರಂ ಈ ವರ್ಷ ಬಿಗಿಯಾಗುತ್ತದಲ್ಲ, ಹಾಗೆ ಊರಿಗೂ ಹೊಸ ಅಳತೆ ಬೇಕಾಗುತ್ತದೆ. ತಮಾಷೆ ಏನೆಂದರೆ, ಬಹಳ ಕಾಲ ಇಲ್ಲಿ ಅಳತೆಗೆ ಹಿಡಿದದ್ದು 2011ರ ಜನಗಣತಿಯ ಲೆಕ್ಕ. ನಿಮ್ಮಲ್ಲಿ ಅನೇಕರು ಆಗ ಹುಟ್ಟಿಯೇ ಇರಲಿಲ್ಲ!

ಊರನ್ನು ವಾರ್ಡುಗಳಾಗಿ ಹಂಚಿ, ವಾರ್ಡಿಗೊಬ್ಬ ಸದಸ್ಯರನ್ನು 5 ವರ್ಷಕ್ಕೆ ಆರಿಸುತ್ತಾರೆ. ಯಾವ ಬೀದಿಗೆ ಚರಂಡಿ, ಎಲ್ಲಿ ಹೊಸ ಕೊಳವೆಬಾವಿ ಎಂದು ಸಭೆಯಲ್ಲಿ ತೀರ್ಮಾನಿಸುವವರು ಇವರು. ಅದನ್ನು ಮಾಡಿಸುವ ಅಧಿಕಾರಿ ಪುರಸಭೆಯಲ್ಲಾದರೆ ಮುಖ್ಯಾಧಿಕಾರಿ, ನಗರಸಭೆಯಲ್ಲಾದರೆ ಪೌರಾಯುಕ್ತ. ಆದರೆ ನನ್ನನ್ನು ಕೇಳಿದರೆ, ನೀವು ಮೊದಲು ಗುರುತು ಮಾಡಿಕೊಳ್ಳಬೇಕಾದದ್ದು ಬೆಳಗಿನ ಜಾವವೇ ಬೀದಿ ಗುಡಿಸುವ ಪೌರಕಾರ್ಮಿಕರನ್ನು, ಆಮೇಲೆ ನೀರು ಬಿಡುವವರನ್ನು. ಹಿಂದೆ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುತ್ತಿದ್ದವರಿಗೆ ನೀರುಗಂಟಿ ಎನ್ನುತ್ತಿದ್ದರು. ಈಗ ಅದೇ ಕೆಲಸವನ್ನು ವಾಲ್ವ್‌ಮ್ಯಾನ್ ಮಾಡುತ್ತಾರೆ, ಗದ್ದೆಯ ಬದಲು ಬೀದಿಗಳಿಗೆ. ಅವರು ವಾಲ್ವ್ ತಿರುಗಿಸಿದರೆ ಓವರ್‌ಹೆಡ್ ಟ್ಯಾಂಕಿನ ನೀರು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ, ಮೋಟಾರು ಬೇಕಿಲ್ಲ. 10 ಮೀಟರ್ ಎತ್ತರದ ನೀರು ಕೆಳಗಿನ ಪೈಪಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋ ಭಾರ ಇಟ್ಟ ಹಾಗೆ ಒತ್ತುತ್ತದೆ. ದಿಬ್ಬದ ಮೇಲಿನ ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದು ಇದಕ್ಕೇ: ಅಲ್ಲಿಗೂ ಟ್ಯಾಂಕಿಗೂ ಎತ್ತರದ ವ್ಯತ್ಯಾಸ ಕಡಿಮೆ. ಪಾಪ, ಬೈಗುಳ ಮಾತ್ರ ವಾಲ್ವ್‌ಮ್ಯಾನ್‌ಗೆ!

ಈ ಕೆಲಸಗಳಿಗೆ ಹಣ? ನಿಮ್ಮ ಮನೆಯ ಕಂದಾಯ, ನೀರಿನ ಶುಲ್ಕ, ಮೇಲಿನ ಸರ್ಕಾರಗಳು ಕೊಡುವ ಅನುದಾನ. ಗಡಿಯ ಬೀದಿಯಲ್ಲಿ ಎದುರುಬದುರು ಮನೆಗಳ ಕಂದಾಯ ಬೇರೆ ಬೇರೆ ಕಚೇರಿಗೆ ಹೋಗಬಹುದು. ಆಗ ಕಸದ ಗಾಡಿಯೂ ಬೇರೆ. ಈ ಬದಿಯಲ್ಲಿ ಗಾಡಿಯ ಹಾಡು ಕೇಳಿ ಬುಟ್ಟಿ ಹಿಡಿದು ಓಡುತ್ತಿದ್ದರೆ, ಆ ಬದಿಯವರು ತಮ್ಮ ಗಾಡಿಗೆ ಕಾಯುತ್ತಾ ನಿಂತಿರುತ್ತಾರೆ.

ಕಂದಾಯಕ್ಕೆ ಗಡಿ ಇದೆ, ಕಸದ ಗಾಡಿಗೂ ಇದೆ. ಮಳೆ ನೀರಿಗೆ?

ಅದಕ್ಕೆ ಗೊತ್ತಿರುವುದು ಇಳಿಜಾರು ಒಂದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಪಶ್ಚಿಮಕ್ಕೆ ಇಳಿದ ನೀರು ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ, ಪೂರ್ವಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಗೆ. ಹಿಂದಿನವರು ಈ ಇಳಿಜಾರು ನೋಡಿಕೊಂಡು ಕೆರೆಗಳ ಸರಪಳಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗುತ್ತದೆ. ಮೇಲಿನ ಕೆರೆ ನಗರಸಭೆಯದು, ಕೆಳಗಿನದು ಪಂಚಾಯಿತಿಯದು ಎಂದು ನೀರು ನಿಂತು ಕೇಳುವುದಿಲ್ಲ.

ಮೇಲಿನ ಊರಿನ ಚರಂಡಿ ನೀರು ಶುದ್ಧವಾಗದೆ ಕಾಲುವೆಗೆ ಬಿತ್ತು ಅನ್ನಿ. ಅದರಲ್ಲಿ ಸಾರಜನಕ, ರಂಜಕ ಹೇರಳ. ಗಿಡಕ್ಕೆ ಅವು ಗೊಬ್ಬರವಿದ್ದ ಹಾಗೆ. ಕೆಳಗಿನ ಕೆರೆಯಲ್ಲಿ ಅಂತರಗಂಗೆಯಂಥ ತೇಲುವ ಗಿಡಗಳು ಹಸಿರು ಚಾಪೆ ಹಾಸಿಬಿಡುತ್ತವೆ. ಬೆಳಕು ಒಳಗಿಳಿಯದು. ಇತ್ತ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಮೀನು ಸತ್ತದ್ದು ಒಂದು ಊರಿನಲ್ಲಿ, ಅದಕ್ಕೆ ಕಾರಣ ಇನ್ನೊಂದು ಊರಿನಲ್ಲಿ! ಕೆಳಗಿನ ಊರಿನವರು ತಮ್ಮ ಕೆರೆಯನ್ನು ಎಷ್ಟು ಸಲ ಬಳಿದರೂ ಮೇಲಿನ ಪೈಪು ಸರಿಯಾಗದೆ ಉಪಯೋಗವಿಲ್ಲ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಬರೆದವರಿಗೆ ಇಂಥ ಪೇಚು ಹೊಳೆದಿತ್ತು. ಜಿಲ್ಲೆಗೊಂದು ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣಗಳ ಚುನಾಯಿತ ಸದಸ್ಯರೇ ತಮ್ಮೊಳಗಿಂದ ಆರಿಸಬೇಕು, ನೀರು ಹಂಚಿಕೆಯನ್ನೂ ಪರಿಸರವನ್ನೂ ಅಲ್ಲಿ ಒಟ್ಟಿಗೆ ಯೋಚಿಸಬೇಕು ಎಂದು ಬರೆದಿಟ್ಟರು. ಮಕ್ಕಳೇ, ನೆರೆಮನೆಯವರು ಒಂದೇ ಚಾಪೆಯ ಮೇಲೆ ಕೂತು ಮಾತಾಡಲಿ ಅಂತ ಮಾಡಿದ ಏರ್ಪಾಡು ಅದು. ಚಾಪೆ ಹಾಸಿದೆ, ಎಲ್ಲರೂ ಬಂದು ಕೂರುವುದು ಅಪರೂಪ ಅಂತ ನನಗನ್ನಿಸುತ್ತದೆ.

ಮುಂದಿನ ಮಳೆ ನಿಂತ ಮೇಲೆ ಒಂದು ಕೆಲಸ ಮಾಡಿ. ಮನೆಯ ಮುಂದೆ ಹರಿಯುವ ನೀರಿಗೆ ಒಣ ಎಲೆಯೊಂದನ್ನು ಬಿಟ್ಟು, ಅದು ಯಾವ ಕಡೆ ತಿರುಗುತ್ತದೆ ನೋಡಿ. ಬೀದಿಯ ಮೂಲೆಯವರೆಗೆ ಹಿಂಬಾಲಿಸಿದರೆ ಸಾಕು, ದೊಡ್ಡ ಕಾಲುವೆಯ ಹತ್ತಿರ ಹೋಗಬೇಡಿ. ಅಲ್ಲಿಂದಾಚೆ ಎಲೆ ಯಾವ ಕೆರೆಗೆ, ಯಾವ ಊರಿಗೆ ಹೋಗುತ್ತದೆ ಅಂತ ಅಜ್ಜಿಯನ್ನೋ ತಾತನನ್ನೋ ಕೇಳಿ. ಕಾಲುವೆಯ ಮೇಲೆ ಮನೆಗಳು ಏಳುವ ಮೊದಲು ಆ ದಾರಿಯಲ್ಲಿ ನಡೆದವರು ಅವರು.